ಎರಡೇ ಕೋವಿ ಸಾಕು. ಆದರೆ ಯಾವ ಎರಡು?

ಮಲೆನಾಡಿನ ಹಳೆಯ ಮನೆಗಳಲ್ಲಿ ಪಾಲಾಗುವಾಗ ತೋಟ, ಗದ್ದೆ, ಪಾತ್ರೆ ಪಗಡದ ಲೆಕ್ಕ ಮುಗಿದ ಮೇಲೆ ಕೊನೆಗೆ ಉಳಿಯುವ ಪ್ರಶ್ನೆ ಒಂದಿದೆ. ಕೋವಿ ಯಾರಿಗೆ? ಮೊದಲೆಲ್ಲ ಇದಕ್ಕೆ ಉತ್ತರ ಸುಲಭವಿತ್ತು. ಯಾರಿಗೆ ಈಡು ಹೊಡೆಯಲು ಬರುತ್ತದೋ ಅವರಿಗೆ. ಈಗ ಹಾಗಲ್ಲ. ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಶಿವಮೊಗ್ಗ, ಭದ್ರಾವತಿ ಸುತ್ತಿನ ಕೃಷಿಕರಲ್ಲಿ ಇದರ ಬಗ್ಗೆ ಗೊಂದಲ ಇನ್ನೂ ಇದೆ. ಕೆಲವರು ಸಿಟ್ಟು ಮಾಡುತ್ತಾರೆ, ಕೆಲವರು ಹೆದರುತ್ತಾರೆ, ಕೆಲವರು "ನಮಗ್ಯಾಕೆ ಬಿಡಿ" ಎಂದು ಸುಮ್ಮನಿದ್ದಾರೆ. ಮೂರೂ ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಕಾನೂನು ಏನೆಂದು ನೋಡೋಣ. ನಮ್ಮ ಶಸ್ತ್ರಾಸ್ತ್ರ ಕಾಯಿದೆ 1959ರದ್ದು. 1983ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಎಂಬ ಮಿತಿ ಬಂತು. 2019ರ ಡಿಸೆಂಬರಿನಲ್ಲಿ ಸಂಸತ್ತು ಅದನ್ನು ಎರಡಕ್ಕೆ ಇಳಿಸಿತು. ಮಸೂದೆಯಲ್ಲಿ ಮೊದಲು ಇದ್ದದ್ದು ಒಂದೇ. ವಿರೋಧ ಬಂದ ಮೇಲೆ ಎರಡಾಯಿತು. ಮೂರನೆಯದನ್ನು ಒಂದು ವರ್ಷದೊಳಗೆ, ಎಂದರೆ 2020ರ ಡಿಸೆಂಬರಿನೊಳಗೆ, ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಡಬೇಕಿತ್ತು. ಅಜ್ಜನಿಂದ ಬಂದದ್ದು, ವಂಶದ ಕುರುಹು ಎಂದರೂ ರಿಯಾಯಿತಿ ಇಲ್ಲ. ಅದೂ ಎರಡರ ಲೆಕ್ಕದೊಳಗೇ ಬರಬೇಕು. ಇದೇ ತಿದ್ದುಪಡಿಯಲ್ಲಿ ಒಂದು ಒಳ್ಳೆಯದೂ ಆಯಿತು. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷವಾಯಿತು. ರಿನ್ಯೂವಲ್ಲಿಗೆಂದು ಡಿಸಿ ಆಫೀಸಿನ ಮೆಟ್ಟಿಲು ಸವೆಸುವುದು ಅಷ್ಟು ಕಡಿಮೆ.

"2020ಕ್ಕೇ ಮುಗಿದ ಕತೆ, ಈಗ್ಯಾಕೆ?" ಎಂದು ಕೇಳಬಹುದು. ಮುಗಿದಿಲ್ಲ ಕಣ್ರೀ. ಹಿರಿಯರು ತೀರಿಕೊಂಡಾಗ, ಪಾಲಾದಾಗ, ಮಕ್ಕಳ ಹೆಸರಿಗೆ ಲೈಸೆನ್ಸ್ ಬದಲಿಸುವಾಗ ಪ್ರತಿ ಮನೆಯಲ್ಲೂ ಈ ಆಯ್ಕೆ ಮತ್ತೆ ಎದುರಾಗುತ್ತದೆ. ತನ್ನದೊಂದು ಇದ್ದು, ಅಪ್ಪನ ಎರಡು ಸೇರಿದರೆ ಅಲ್ಲಿಗೆ ಮೂರು. ಒಂದನ್ನು ಬಿಡಲೇಬೇಕು.

ಎರಡು ಕಡಿಮೆಯಾಯಿತೇ?

ನೇರವಾಗಿ ಹೇಳುತ್ತೇನೆ. ಎರಡು ಮೂರು ಎಕರೆಯ ಕೃಷಿಕನಿಗೆ ಎರಡು ಕೋವಿ ಕಡಿಮೆಯಲ್ಲ. ರಾತ್ರಿ ಹಂದಿ ಬಂದರೆ ಒಬ್ಬ ಮನುಷ್ಯ ಎತ್ತಿಕೊಂಡು ಓಡುವುದು ಒಂದನ್ನೇ. ಉಳಿದದ್ದು ಗೋಡೆಯ ಮೇಲೆ ಇರುತ್ತದೆ, ತುಕ್ಕು ಹಿಡಿಯುತ್ತದೆ, ಕಳ್ಳರ ಕಣ್ಣಿಗೆ ಬೀಳುತ್ತದೆ. ಮಿತಿ ಇರುವುದು ತಲೆಗೆ, ಮನೆಗಲ್ಲ ಎಂಬುದೂ ನೆನಪಿರಲಿ. ಒಟ್ಟು ಕುಟುಂಬದಲ್ಲಿ ಇಬ್ಬರು ಅಣ್ಣತಮ್ಮಂದಿರು ಬೇಸಾಯ ಮಾಡುತ್ತಿದ್ದರೆ ಇಬ್ಬರಿಗೂ ಬೇರೆ ಬೇರೆ ಲೈಸೆನ್ಸ್ ಪಡೆಯಲು ಅಡ್ಡಿಯಿಲ್ಲ. ಎಲ್ಲವನ್ನೂ ಯಜಮಾನರ ಹೆಸರಿಗೇ ಸೇರಿಸುವ ಹಳೆಯ ರೂಢಿಯಿಂದಲೇ ಹೆಚ್ಚಿನ ತೊಂದರೆ ಆದದ್ದು.

ಆದ್ದರಿಂದ ಸಂಖ್ಯೆಯ ಬಗ್ಗೆ ಜಗಳ ಕಾಯುವುದಕ್ಕಿಂತ ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಯೋಚಿಸುವುದು ಮೇಲು. ಇಲ್ಲೇ ನಮ್ಮವರು ಎಡವುವುದು. ಯಾವುದು ಬೆಲೆಬಾಳುತ್ತದೆ, ಯಾವುದು ನೋಡಲು ಚೆಂದ, ಯಾವುದರಲ್ಲಿ ಅಜ್ಜ ಹುಲಿ ಹೊಡೆದಿದ್ದ ಎಂದು ನೋಡುತ್ತಾರೆ. ನೋಡಬೇಕಾದ್ದು ಒಂದೇ. ಇವತ್ತು ನನ್ನ ಹೊಲದಲ್ಲಿ ಕೋವಿಯ ಕೆಲಸ ಏನು?

ಕೋವಿಯ ಕೆಲಸ ಬದಲಾಗಿದೆ

ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯ ನಂತರ ಕಾಡುಪ್ರಾಣಿಗಳ ಬೇಟೆ ಪೂರ್ತಿ ಬಂದ್. ಕಾಡುಹಂದಿ ಬೆಳೆ ಹಾಳು ಮಾಡಿದರೂ ನಾವಾಗಿ ಹೊಡೆಯುವಂತಿಲ್ಲ. ಕಾಯಿದೆಯ 11ನೇ ಕಲಮಿನ ಪ್ರಕಾರ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ನವಿಲು ಒಂದನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯ ನಂತರ ನಮ್ಮ ಸಾಮಾನ್ಯ ಮಂಗವೂ ಅದೇ ಪಟ್ಟಿಗೆ ಹೋಗಿ ಕೂತಿದೆ. ಎಳನೀರು ಕುಡಿದು ಬುರುಡೆ ಎಸೆದರೂ, ಬಾಳೆಗೊನೆ ಕಿತ್ತರೂ ಅದಕ್ಕೀಗ ಹುಲಿಯ ಮರ್ಯಾದೆ! ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದೆ ಹೊಡೆದರೆ ಅಪರಾಧವಲ್ಲ ಎಂದು ಕಾಯಿದೆ ಹೇಳುತ್ತದೆ. ಬೆಳೆ ಉಳಿಸಿಕೊಳ್ಳಲು ಹಾಗಿಲ್ಲ.

ಹಾಗಾದರೆ ಬೆಳೆ ರಕ್ಷಣೆಯ ಲೈಸೆನ್ಸ್ ಕೊಡುವುದೇಕೆ? ಒಂದು, ಅಪ್ಪಣೆ ಸಿಕ್ಕಾಗ ಹೊಡೆಯಲು. ಎರಡು, ಸದ್ದಿಗೆ. ನೂರಕ್ಕೆ ತೊಂಬತ್ತು ಸಲ ನಾವು ಮಾಡುವುದು ಎರಡನೆಯದನ್ನೇ. ಗಾಳಿಗೆ ಒಂದು ಈಡು. ಹಂದಿ ಗುಂಪು ಅವತ್ತಿನ ಮಟ್ಟಿಗೆ ಓಡುತ್ತದೆ. ಗರ್ನಾಲಿಗೆ ಅಭ್ಯಾಸವಾದ ಹಂದಿಯೂ ಕೋವಿಯ ಸದ್ದಿಗೆ ಸ್ವಲ್ಪ ಮರ್ಯಾದೆ ಕೊಡುತ್ತದೆ ಎನ್ನುವುದು ನನ್ನ ಅನುಭವ.

ಈ ಕೆಲಸಕ್ಕೆ ಯಾವ ಕೋವಿ ಸರಿ? ಒಂದೊಂದಾಗಿ ನೋಡೋಣ.

ರೈಫಲ್: ಮೊದಲು ಬಿಡಬೇಕಾದ್ದು ಇದನ್ನೇ. .315 ಇರಲಿ, .22 ಇರಲಿ. ಕೆನೆತ್ ಆಂಡರ್ಸನ್‌ರ ಬೇಟೆಯ ಕತೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದದ್ದನ್ನು ಓದಿ ಬೆಳೆದ ನಮಗೆಲ್ಲ ರೈಫಲ್ ಎಂದರೆ ಒಂದು ಮೋಹ. ಆದರೆ ಸಣ್ಣದೆಂದು ತೋರುವ .22ರ ಗುಂಡೂ ಒಂದೂವರೆ ಕಿಲೋಮೀಟರಿಗೂ ದೂರ ಹೋಗಿ ಬೀಳಬಲ್ಲದು. .315 ಅದಕ್ಕಿಂತ ಬಹಳ ಮುಂದೆ. ಪಕ್ಕದಲ್ಲೇ ಮನೆ, ಆಚೆ ರಸ್ತೆ, ನಡುವೆ ನಾಲೆ ಏರಿಯ ಮೇಲೆ ನೀರು ತಿರುಗಿಸಲು ಹೋದ ಮನುಷ್ಯ. ಭದ್ರಾ ಅಚ್ಚುಕಟ್ಟಿನ ಒತ್ತೊತ್ತಿನ ಊರುಗಳಲ್ಲಿ ಕತ್ತಲಲ್ಲಿ ರೈಫಲ್ ಹೊಡೆಯುವುದು ಹುಚ್ಚು. ಅದನ್ನು ಮುಗಿಲಿಗೆ ಎತ್ತಿ ಹೊಡೆದರೂ ಗುಂಡು ಎಲ್ಲೋ ಇಳಿಯಲೇಬೇಕಲ್ಲ?

ಜೋಡು ನಳಿಗೆ: 12 ಬೋರಿನ ಜೋಡು ಒಳ್ಳೆಯ ಕೋವಿಯೇ. ಒಂದರ ಹಿಂದೊಂದು ಎರಡು ಈಡು ಸಿಗುತ್ತದೆ. ಒಂದು ನಳಿಗೆಯ ಕುದುರೆ ಕೆಟ್ಟರೂ ಇನ್ನೊಂದು ನಡೆಯುತ್ತದೆ. ಆದರೆ ಭಾರ ಮೂರು ಕಿಲೋ ಮೀರುವುದೇ ಹೆಚ್ಚು. ಹಳೆಯ ವಿಲಾಯಿತಿ ಜೋಡು ಇದ್ದವರು ಎರಡು ವಿಷಯ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಒಂದು, ತೋಟೆ ಕೂರುವ ಜಾಗದ ಉದ್ದ. ಹಳೆಯವು 65 ಮಿಲಿಮೀಟರಿನ ತೋಟೆಗೆ ಮಾಡಿದವು. ಅದಕ್ಕೆ 70 ಮಿಲಿಮೀಟರಿನದು ಹಾಕಿದರೆ ಕೂರುತ್ತದೆ, ಹೊಡೆಯುತ್ತದೆ. ಆದರೆ ತೋಟೆಯ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಮಿತಿ ಮೀರುತ್ತದೆ. ಇನ್ನೊಂದು, ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆ ಇದ್ದರೆ ಅದು ಕಬ್ಬಿಣ ಉಕ್ಕಿನ ಪಟ್ಟಿ ಹೆಣೆದು ಬೆಸೆದ ಡಮಾಸ್ಕಸ್ ನಳಿಗೆ. ಅದು ಕರಿಮದ್ದಿನ ಕಾಲದ್ದು. ಈಗಿನ ಹೊಗೆರಹಿತ ಮದ್ದಿನ ತೋಟೆಯನ್ನು ಅದರಲ್ಲಿ ಹಾಕಬಾರದು. ನೋಡಲು ಎಷ್ಟೇ ಚೆಂದವಿದ್ದರೂ ಕೈ ಹೋಗಬಾರದಲ್ಲ!

ಒಂಟಿ ನಳಿಗೆ: ಸಣ್ಣ ಕೃಷಿಕನ ಕೋವಿ ಇದು. ಹಗುರ, ಸರಳ, ರಿಪೇರಿ ಸುಲಭ. ಬಿಚ್ಚಿ ಇಟ್ಟರೆ ಖಾಲಿಯೋ ತುಂಬಿದೆಯೋ ಒಂದೇ ನೋಟಕ್ಕೆ ತಿಳಿಯುತ್ತದೆ. ಒಂದೇ ಈಡು ಎಂಬುದೂ ನನ್ನ ಲೆಕ್ಕದಲ್ಲಿ ಕೊರತೆಯಲ್ಲ. ಹೊಡೆಯುವ ಮೊದಲು ಯೋಚಿಸುವಂತೆ ಮಾಡುತ್ತದೆ. ಸದ್ದಿಗೆ ಹೊಡೆಯುವಾಗ ಸಣ್ಣ ಚರೆಯ ತೋಟೆ ಸಾಕು. ಆರನೇ ನಂಬರಿನ ಚರೆ ಸುಮಾರು 200 ಮೀಟರಿನಾಚೆ ಬಲ ಕಳೆದುಕೊಂಡು ಬೀಳುತ್ತದೆ. ಎಲ್.ಜಿ. ಗುಂಡು ಹಾಗಲ್ಲ, ಅರ್ಧ ಕಿಲೋಮೀಟರನ್ನೂ ದಾಟೀತು.

ಕೇಪಿನ ಕೋವಿ: ಮದ್ದು, ಚರೆ, ಕತ್ತ ಗಿಡಿದು ಕೇಪು ಇಟ್ಟು ಹೊಡೆಯುವ ಈ ಕೋವಿಯನ್ನು ನಗಬೇಡಿ. ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆಂದೇ ಹೆಸರಿಸಿರುವುದು ಇದನ್ನು. ಇದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೆಳೆ ಕಾಯಲು ಬೇರೆ ನಯ ನಳಿಗೆಯ ಕೋವಿ ಎಂದು ಅಲ್ಲಿದೆ. ಸದ್ದಿಗೆ ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ. ಚರೆಯನ್ನೇ ಹಾಕದೆ ಬರೀ ಮದ್ದಿನಲ್ಲಿ ಹೊಡೆದರಾಯಿತು. ಕೊರತೆ ಎಂದರೆ ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿಯುತ್ತದೆ, ಕೇಪು ಪೇಟೆಯಲ್ಲಿ ಸಲೀಸಾಗಿ ಸಿಗುವುದಿಲ್ಲ. ತುಂಬಿದ ಕೋವಿಯನ್ನು ಖಾಲಿ ಮಾಡುವುದೂ ತಲೆನೋವು. ತುಂಬಿಸಿ ಮೂಲೆಗಿಟ್ಟು ಮರೆತ ಕೇಪಿನ ಕೋವಿಯಿಂದ ಆದ ಅನಾಹುತಗಳನ್ನು ಮಲೆನಾಡಿನಲ್ಲಿ ಕೇಳದವರು ಯಾರು?

ನನ್ನ ಸಲಹೆ ಹೀಗೆ. ಒಂದೇ ಇಟ್ಟುಕೊಳ್ಳುವುದಾದರೆ 12 ಬೋರಿನ ಒಂಟಿ ನಳಿಗೆ. ಎರಡಾದರೆ ಅದರ ಜೊತೆಗೆ ಕೇಪಿನದು, ಇಲ್ಲವೇ ಗಟ್ಟಿಯಿರುವ ಜೋಡು. ಎರಡು ಇಟ್ಟುಕೊಳ್ಳಬಹುದು ಎಂದ ಮಾತ್ರಕ್ಕೆ ಎರಡು ಇಟ್ಟುಕೊಳ್ಳಲೇಬೇಕು ಎಂದಿಲ್ಲ. ಇನ್ನೂ ಒಂದು ಮಾತು. ರಾತ್ರಿ ಕಾಯಲು ಹೋಗುವವರು ಯಾರೋ ಅವರನ್ನೇ ಕೇಳಿ ಆರಿಸಿ. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುವವರು ಆರಿಸಿದ ಕೋವಿಯನ್ನು ಮಾಳ ಹತ್ತುವವರು ಹೊರಬೇಕಾಗುತ್ತದೆ.

ಒಂದು ಮನೆಯ ಲೆಕ್ಕ

ನಮ್ಮ ದೊಡ್ಡಪ್ಪನ ಲೈಸೆನ್ಸಿನಲ್ಲಿ ಮೂರು ಇದ್ದವು. ಅವರ ಅಪ್ಪನ ಕೇಪಿನ ಕೋವಿ, ತಾವು ಕೊಂಡ ಜೋಡು, ಒಂದು .315 ರೈಫಲ್. 2020ರಲ್ಲಿ ಒಂದು ಬಿಡಬೇಕಾಗಿ ಬಂದಾಗ ಅವರ ಮನಸ್ಸು ರೈಫಲ್ಲಿನ ಮೇಲೆ. "ಕೇಪಿಂದು ಯಾವನಿಗೆ ಬೇಕು ಮಾರಾಯಾ, ಅದನ್ನು ಠಾಣೆಗೆ ಹಾಕಿ ಬಾ" ಎಂದರು. ನಾನು ಕೇಳಿದೆ: "ದೊಡ್ಡಪ್ಪ, ರೈಫಲ್ಲಿಗೆ ಕೊನೇ ಸಲ ತೋಟೆ ತಂದಿದ್ದು ಯಾವಾಗ?" ಅವರಿಗೆ ನೆನಪಾಗಲಿಲ್ಲ. ಕೇಪಿನದ್ದನ್ನು ಅವರ ಮಗಳು ಹಿಂದಿನ ವಾರವೇ ಮೆಕ್ಕೆಜೋಳದ ಹೊಲದಲ್ಲಿ ಅಪ್ಪನ ಜೊತೆ ನಿಂತು ಸದ್ದು ಮಾಡಿಸಿದ್ದಳು. ಎರಡು ದಿನ ಮಾತಾಡದೆ ಇದ್ದು, ಮೂರನೇ ದಿನ ಅವರೇ ರೈಫಲ್ ಒರೆಸಿ ಕೊಟ್ಟರು. ಅಂಗಡಿಯವರ ಮೂಲಕ ಲೈಸೆನ್ಸ್ ಇದ್ದವರೊಬ್ಬರಿಗೆ ಹೋಯಿತು. ಅಂದುಕೊಂಡ ಬೆಲೆ ಬರಲಿಲ್ಲ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಅಡಿಕೆಯ ಬೆಲೆಯಂತೆಯೇ ಅದೂ ಇಳಿಯುತ್ತದೆ.

ಆ ಬೇಸರ ನನಗೆ ಅರ್ಥವಾಗುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ ಹಚ್ಚಿದ ವಸ್ತು ಅದು. ಆದರೆ ನೆನಪಿಗೆಂದು ಉಳಿಸಿಕೊಳ್ಳುವ ಜಾಗ ಈಗ ಲೈಸೆನ್ಸಿನಲ್ಲಿ ಇಲ್ಲ.

ಬಿಡುವುದು ಹೇಗೆ?

ಇಟ್ಟುಕೊಳ್ಳುವುದಕ್ಕಿಂತ ಬಿಡುವುದರಲ್ಲೇ ಎಚ್ಚರ ಬೇಕು. ಅಟ್ಟದಲ್ಲಿ, ಹುಲ್ಲುಮೆದೆಯಲ್ಲಿ ಬಚ್ಚಿಡುವುದು, ಲೈಸೆನ್ಸ್ ಇಲ್ಲದ ನೆಂಟರಿಗೆ ಕೊಡುವುದು ಬೇಡವೇ ಬೇಡ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡದ್ದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಮದುವೆ, ಹಬ್ಬಗಳಲ್ಲಿ ಜನರ ನಡುವೆ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಹೊಡೆಯುವುದೂ ಈಗ ಪ್ರತ್ಯೇಕ ಅಪರಾಧ.

ಸರಿಯಾದ ದಾರಿಗಳು ನಾಲ್ಕು.

ಒಂದು, ಮಕ್ಕಳ ಹೆಸರಿಗೆ ಮಾಡುವುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ವಾರಸುದಾರರಿಗೆ 21 ತುಂಬಿರಬೇಕು, ಉಳಿದ ಅರ್ಹತೆ ಇರಬೇಕು. ಮಗಳೂ ವಾರಸುದಾರಳೇ ಎಂಬುದನ್ನು ಮರೆಯಬೇಡಿ. ನಮ್ಮ ದೊಡ್ಡಪ್ಪನ ಕೇಪಿನ ಕೋವಿ ಈಗ ಬೇಸಾಯ ನೋಡುತ್ತಿರುವ ಮಗಳ ಹೆಸರಿನಲ್ಲಿದೆ. ಹಿರಿಯರು ಹೋದ ಮೇಲೆ ಓಡಾಡುವುದಕ್ಕಿಂತ ಇರುವಾಗಲೇ ಮಾಡುವುದು ಎಷ್ಟೋ ಸುಲಭ.

ಎರಡು, ಲೈಸೆನ್ಸ್ ಇದ್ದವರಿಗೆ ಮಾರುವುದು. ಡಿಸಿ ಆಫೀಸಿನ ಶಸ್ತ್ರ ಶಾಖೆಗೆ, ಠಾಣೆಗೆ ತಿಳಿಸಿಯೇ ಮಾರಬೇಕು, ಪುಸ್ತಕದಲ್ಲಿ ನಮೂದು ಮಾಡಿಸಬೇಕು.

ಮೂರು, ಠಾಣೆಯಲ್ಲೋ ಅಂಗಡಿಯಲ್ಲೋ ಠೇವಣಿ ಇಡುವುದು. ರಸೀದಿ ಇಲ್ಲದೆ ಹೊರಡಬೇಡಿ. ಅದರಲ್ಲಿ ಕೋವಿಯ ನಂಬರು, ತಯಾರಿಕೆ, ಸ್ಥಿತಿ ಬರೆಸಿ. ಇಟ್ಟು ಮರೆಯಲೂ ಬೇಡಿ. ಗೊತ್ತಾದ ಅವಧಿಯೊಳಗೆ ಮಾರದಿದ್ದರೆ, ಬಿಡಿಸಿಕೊಳ್ಳದಿದ್ದರೆ ಅದು ಸರಕಾರಕ್ಕೆ ಸೇರುತ್ತದೆ.

ನಾಲ್ಕು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥ ಪುರಾತನ ಕೋವಿಗೆ ಕಾಯಿದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ "ಕೆಟ್ಟಿದೆ" ಎಂದು ನಾವೇ ತೀರ್ಮಾನಿಸಿ ಗೋಡೆಗೆ ನೇತುಹಾಕಬಾರದು. ಅಧಿಕೃತ ರಿಪೇರಿಯವರ ಪರೀಕ್ಷೆ, ಅಧಿಕಾರಿಯ ಬರಹ ಕೈಯಲ್ಲಿರಲಿ.

2020ರ ಗಡುವು ದಾಟಿಯೂ ಮೂರನೆಯದು ಮನೆಯಲ್ಲೇ ಉಳಿದವರು ಇದ್ದಾರೆ. ಅಂಥವರು ವಕೀಲರೊಬ್ಬರನ್ನು ಕಂಡು, ಅವರ ಮೂಲಕ ತಾವಾಗಿಯೇ ಒಪ್ಪಿಸುವುದು ಉತ್ತಮ. ಯಾರೋ ಹೇಳಿ ಪೋಲೀಸರು ಬರುವುದಕ್ಕೂ ನಾವೇ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

ಸರಕಾರ ಯೋಚಿಸಬೇಕಾದ್ದು

ಇಷ್ಟೆಲ್ಲ ನಮ್ಮ ಕರ್ತವ್ಯ ಹೇಳಿದ ಮೇಲೆ ಆ ಕಡೆಗೂ ನಾಲ್ಕು ಮಾತು ಹೇಳಬೇಕು.

ಕಾಯಿದೆ ಲೈಸೆನ್ಸ್ ಕೊಡುವಾಗ ಕೇಪಿನ ಕೋವಿಯನ್ನು ಬೇರೆಯೇ ಎಂದು ನೋಡುತ್ತದೆ. ಎಣಿಸುವಾಗ ಮಾತ್ರ ರೈಫಲ್ಲಿಗೂ ಅದಕ್ಕೂ ಭೇದವಿಲ್ಲ. ಕುಡುಗೋಲಿಗೂ ಟ್ರಾಕ್ಟರಿಗೂ ಒಂದೇ ತೆರಿಗೆ ಹಾಕಿದ ಹಾಗೆ. ಬೆಳೆ ರಕ್ಷಣೆಯ ಕೇಪಿನ ಕೋವಿಯನ್ನು ಎರಡರ ಲೆಕ್ಕದಿಂದ ಹೊರಗಿಡಬೇಕು. ಇದರಿಂದ ಯಾರ ಸುರಕ್ಷತೆಗೂ ಧಕ್ಕೆಯಾಗದು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿದೆ. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಅವರಿಗೆ ಕೊಟ್ಟದ್ದಕ್ಕೆ ನನ್ನ ಹೊಟ್ಟೆಯುರಿ ಇಲ್ಲ. ಸಂದರ್ಭ ನೋಡಿ ಭೇದ ಮಾಡಲು ಕಾನೂನಿಗೆ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಕಾಡಂಚಿನ ಸಣ್ಣ ಕೃಷಿಕನಿಗೆ ನಾವು ಕೇಳುವುದು ಲೈಸೆನ್ಸ್ ವಿನಾಯಿತಿಯನ್ನೂ ಅಲ್ಲ, ಎಣಿಕೆಯಲ್ಲಿ ಒಂದಿಷ್ಟು ವಿವೇಕ.

ಎರಡನೆಯದು ಚುನಾವಣೆಯ ಠೇವಣಿ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ಎರಡೂವರೆ ತಿಂಗಳು ಮೀರಿತು. ನಾಲೆ ನೀರಿನ ಬೇಸಿಗೆ ಭತ್ತ ತೆನೆ ಬಲಿಯುವುದು, ಹಲಸು ಮಾವು ಹಣ್ಣಾಗುವುದು ಅದೇ ಹೊತ್ತು. ಚುನಾವಣಾ ಆಯೋಗದ ಸೂಚನೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕೆಂದಿದೆ. ಜಾಮೀನಿನ ಮೇಲಿರುವವರು, ಹಿಂದೆ ಗಲಾಟೆ ಮಾಡಿದವರನ್ನು ಮುಖ್ಯವಾಗಿ ನೋಡಬೇಕೆಂದಿದೆ. ಆದರೆ ಹಳ್ಳಿಗೆ ಬರುವ ಹೊತ್ತಿಗೆ ಅದು "ಎಲ್ಲರೂ ತಂದಿಡಿ" ಎಂದಾಗಿರುತ್ತದೆ. ಒಮ್ಮೆ ನಾನು ಠಾಣೆಯೊಂದರಲ್ಲಿ ಇಟ್ಟ ಕೋವಿ ಮರಳಿ ಬಂದಾಗ ನಳಿಗೆಯೊಳಗೆ ತುಕ್ಕು, ಹಿಡಿಯಲ್ಲಿ ಬಿರುಕು. ರಿಪೇರಿಯ ಖರ್ಚು ನನ್ನ ತಲೆಗೇ. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಚುನಾವಣೆ ಬರುತ್ತಲೇ ಇರುತ್ತದೆ. ಹಂದಿಗೆ ನೀತಿಸಂಹಿತೆ ಇಲ್ಲ. ಬೆಳೆ ರಕ್ಷಣೆಯ ಕೋವಿಗೆ ವಿನಾಯಿತಿ ಬೇಕೆಂದು ಚುನಾವಣೆ ಘೋಷಣೆಯಾಗುವ ಮೊದಲೇ ಊರಿನವರು ಒಟ್ಟಾಗಿ ಡಿಸಿಯವರಿಗೆ ಅರ್ಜಿ ಕೊಡುವ ಕ್ರಮ ಇಟ್ಟುಕೊಳ್ಳೋಣ.

ಮೂರನೆಯದು ಕಾಡಿನ ಸುತ್ತಿನ ನಿಯಮ. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಶೆಟ್ಟಿಹಳ್ಳಿ ಅಭಯಾರಣ್ಯ ಒಂದು ಕಡೆ, ಭದ್ರಾ ಇನ್ನೊಂದು ಕಡೆ. ಉಂಬ್ಳೇಬೈಲಿನ ಕಡೆಯ ಊರುಗಳ ಪಾಡು ನೋಡಿ: ಹಾವಳಿ ಎಲ್ಲಿ ಹೆಚ್ಚೋ ಅಲ್ಲೇ ಲೈಸೆನ್ಸ್ ಕಷ್ಟ. ಉದ್ದೇಶ ಕಳ್ಳಬೇಟೆ ತಡೆಯುವುದು, ಅದು ಸರಿಯೇ. ಆದರೆ ಕಳ್ಳಬೇಟೆಯವನು ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುವುದಿಲ್ಲ. ಅರ್ಜಿ ಹಾಕಿ ಬೇಸತ್ತ ಕೃಷಿಕ ಉರುಳು, ಸಿಡಿಮದ್ದು, ಬೇಲಿಗೆ ಕರೆಂಟು ಎಂದು ಹೊರಟರೆ ಹಂದಿಯ ಜೊತೆ ದನ, ಆನೆ, ಮನುಷ್ಯ ಎಲ್ಲರೂ ಸಾಯುತ್ತಾರೆ. ಅದಕ್ಕಿಂತ ಲೆಕ್ಕದಲ್ಲಿರುವ ಒಂದು ಕೋವಿ ಮೇಲಲ್ಲವೇ?

ನಾಲ್ಕನೆಯದು 11ನೇ ಕಲಮಿನ ಅಪ್ಪಣೆ. ಬಿಹಾರ, ಉತ್ತರಾಖಂಡಗಳಲ್ಲಿ 2015-16ರಲ್ಲಿ ಕೇಂದ್ರವೇ ಕಾಡುಹಂದಿಯನ್ನು ಕೆಲಕಾಲ ಪೀಡಕ ಪ್ರಾಣಿ ಎಂದು ಸಾರಿತ್ತು. ಕೇರಳ 2022ರಲ್ಲಿ ಬೆಳೆಗೆ, ಜೀವಕ್ಕೆ ಕಂಟಕವಾದ ಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯ್ತಿಗಳ ಕೈಗೆ ಕೊಟ್ಟಿತು. ಎಲ್ಲರೂ ಕೋವಿ ಎತ್ತಿ ಎಂದಲ್ಲ. ಲೈಸೆನ್ಸ್ ಇದ್ದ, ಗುರಿ ಬರುವ ಕೆಲವರಿಗೆ ಮಾತ್ರ. ಅಪ್ಪಣೆ ಹತ್ತಿರದಲ್ಲೇ, ಬೆಳೆ ನಿಂತಿರುವಾಗಲೇ ಸಿಗಬೇಕು. ಕೊಯ್ಲು ಮುಗಿದ ಮೇಲೆ ಬರುವ ಅಪ್ಪಣೆಯನ್ನು ಏನು ಮಾಡೋಣ?

ಕೋವಿಯೊಂದರಿಂದಲೇ ಬೆಳೆ ಉಳಿಯುತ್ತದೆ ಎಂಬ ಭ್ರಮೆ ನನಗಿಲ್ಲ. ಸೋಲಾರ್ ಬೇಲಿ, ಒಟ್ಟಾಗಿ ಸರದಿಯ ಕಾವಲು, ಬೆಳೆ ಹಾನಿಯಾದ ಕೂಡಲೇ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ, ಇವೆಲ್ಲ ಬೇಕು. ಅವುಗಳ ಜೊತೆಗೆ ಸುಸ್ಥಿತಿಯಲ್ಲಿರುವ, ಲೈಸೆನ್ಸ್ ಚುಕ್ತಾ ಇರುವ, ಬೀಗದೊಳಗೆ ಇಟ್ಟ ಒಂದು ಕೋವಿ. ತೋಟೆ ಬೇರೆ ಕಡೆ, ಬೀಗದ ಕೈ ಮಕ್ಕಳಿಗೆ ಸಿಗದ ಕಡೆ.

ಈ ತಿಂಗಳಲ್ಲೇ ಒಂದು ದಿನ ಕೋವಿ ಇಳಿಸಿ. ಲೈಸೆನ್ಸ್ ಪುಸ್ತಕ ತೆಗೆದು ಅವಧಿ ಯಾವಾಗ ಮುಗಿಯುತ್ತದೆ, ಗುರುತಿನ ಸಂಖ್ಯೆ ನಮೂದಾಗಿದೆಯೇ, ಕೋವಿಯ ಮೇಲಿನ ನಂಬರೂ ಪುಸ್ತಕದ ನಂಬರೂ ಹೊಂದುತ್ತವೆಯೇ ನೋಡಿ. ಮನೆಯಲ್ಲಿ 70 ದಾಟಿದ ಹಿರಿಯರಿದ್ದರೆ ಅವರ ಜೊತೆ ಕೂತು ಮುಂದೆ ಯಾವುದು, ಯಾರಿಗೆ ಎಂದು ಮಾತಾಡಿ. ಅವರಿಗೂ ಹೇಳುವುದಕ್ಕೆ ಇರುತ್ತದೆ.